ಸೂಜಿ ಚುಚ್ಚುವವರಿಗೂ ಒಂದು ಸೂಜಿ

1993-94ರ ಚಳಿಗಾಲದಲ್ಲಿ ಗ್ಲಾಸ್ಗೋದ ಆಸ್ಪತ್ರೆ ಸಿಬ್ಬಂದಿಯ ರಕ್ತವನ್ನು ಸಂಶೋಧಕರು ಪರೀಕ್ಷಿಸಿದರು. ಶೇ 23ರಷ್ಟು ಮಂದಿಗೆ ಫ್ಲೂ ತಗುಲಿಹೋಗಿತ್ತು. ಸೋಜಿಗವೆಂದರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಫ್ಲೂ ಬಂದ ನೆನಪೇ ಇಲ್ಲ. ಕಾಲುಭಾಗಕ್ಕೂ ಹೆಚ್ಚು ಮಂದಿಗೆ ನೆಗಡಿ, ಕೆಮ್ಮು ಬಂದದ್ದೂ ನೆನಪಿಲ್ಲ. ‘ಜ್ವರ ಬಂದರೆ ರಜೆ ಹಾಕುತ್ತೇನೆ, ಲಸಿಕೆ ಯಾಕೆ?’ ಎನ್ನುವವರ ವಾದದ ಬುಡ ಅಲ್ಲೇ ಅಲ್ಲಾಡಿತು.

ಅಮೆರಿಕದ ತಜ್ಞರು 1980ರ ದಶಕದಿಂದಲೇ ಆಸ್ಪತ್ರೆ ಸಿಬ್ಬಂದಿಗೆ ಲಸಿಕೆಯ ಸಲಹೆ ಕೊಡುತ್ತಿದ್ದರು. ಆಸ್ಪತ್ರೆಯವರು ಪುಕ್ಕಟೆ ಕೊಟ್ಟರು, ವಾರ್ಡಿಗೇ ಗಾಡಿ ತಳ್ಳಿಕೊಂಡು ಬಂದರು, ಗೋಡೆ ತುಂಬ ಪೋಸ್ಟರ್ ಅಂಟಿಸಿದರು. ಆದರೂ ಈ ಶತಮಾನದ ಆರಂಭದಲ್ಲಿ ಲಸಿಕೆ ಪಡೆದವರು ಶೇ 40ರ ಆಸುಪಾಸು. ವೈರಸ್ ರೂಪ ಬದಲಿಸುವುದರಿಂದ ವರ್ಷವರ್ಷವೂ ತೋಳು ಕೊಡಬೇಕು. ಬೇಸರ ಬರುವುದು ಸಹಜವೇ.

2004ರ ಸೆಪ್ಟೆಂಬರಿನಲ್ಲಿ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಗೆ ತಾಳ್ಮೆ ತಪ್ಪಿತು. ಲಸಿಕೆ ಇಲ್ಲದವರಿಗೆ ಕೆಲಸವೂ ಇಲ್ಲ ಎಂದು ಆಡಳಿತ ಸಾರಿತು. ಮರುತಿಂಗಳೇ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಕೈರಾನ್ ಕಂಪನಿಯ ಕಾರ್ಖಾನೆಯ ಪರವಾನಗಿ ಅಮಾನತಾಗಿ, ಅಮೆರಿಕಕ್ಕೆ ಬರಬೇಕಿದ್ದ ಲಸಿಕೆಯಲ್ಲಿ ಸುಮಾರು ಅರ್ಧ ಕೈತಪ್ಪಿತು. ಕಡ್ಡಾಯ ಮಾಡಿದವರ ಬಳಿಯೇ ಮದ್ದಿಗೆ ತತ್ವಾರ! ನಿಯಮ ಜಾರಿಯಾದದ್ದು 2005ರಲ್ಲಿ. ಮೊದಲ ವರ್ಷವೇ ಲಸಿಕೆ ಪಡೆದವರ ಪ್ರಮಾಣ ಶೇ 97 ದಾಟಿತು.

ನರ್ಸ್‌ಗಳ ಸಂಘ ಮಾತ್ರ ಬಿಡಲಿಲ್ಲ. ಅವರ ತಕರಾರು ಲಸಿಕೆಗಿಂತ ಹೆಚ್ಚಾಗಿ, ತಮ್ಮನ್ನು ಕೇಳದೆ ಕೆಲಸದ ಷರತ್ತು ಬದಲಿಸಿದ್ದರ ಬಗ್ಗೆ. ಮಧ್ಯಸ್ಥಗಾರರು ಸಂಘದ ಪರ ನಿಂತರು. 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಈ ನಡುವೆ, ಬಲವಂತ ಮಾಡಲಾಗದ ಆಸ್ಪತ್ರೆ, ಲಸಿಕೆ ಬೇಡವೆಂದ ನರ್ಸ್‌ಗಳು ಮಾಸ್ಕ್ ಹಾಕಬೇಕೆಂದು ಹೇಳಿತು. ಕೆನಡಾದ ಆಸ್ಪತ್ರೆಗಳೂ ಇದೇ ದಾರಿ ಹಿಡಿದವು. 2015ರಲ್ಲಿ ಒಂಟಾರಿಯೋದ ಮಧ್ಯಸ್ಥಗಾರರೊಬ್ಬರು, ಮಾಸ್ಕ್‌ನಿಂದ ಪ್ರಯೋಜನವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಆ ನಿಯಮವನ್ನು ತಳ್ಳಿಹಾಕಿದರು. ನನಗೂ ಅದು ರಕ್ಷಣೆಗಿಂತ ಶಿಕ್ಷೆಯಾಗಿಯೇ ಕಾಣುತ್ತದೆ.

ಬ್ರಿಟನ್ ಬೇರೆ ಹಾದಿ ಹಿಡಿಯಿತು. 2011ರಲ್ಲಿ ಶುರುವಾದ ‘ಫ್ಲೂ ಫೈಟರ್’ ಅಭಿಯಾನ ಸಹೋದ್ಯೋಗಿಗಳ ಕೈಗೇ ಸಿರಿಂಜು ಕೊಡಲು ಒತ್ತು ನೀಡಿತು. ಜೊತೆಗೆ ಕೆಲಸ ಮಾಡುವವಳೇ ಬಂದು ‘ತೋಳು ಮಡಚೇ’ ಎಂದರೆ ಇಲ್ಲ ಎನ್ನುವುದು ಕಷ್ಟ. 2016ರಲ್ಲಿ ಇಂಗ್ಲೆಂಡ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ನೇರ ಸೇವೆಯಲ್ಲಿರುವ ಸಿಬ್ಬಂದಿಯಲ್ಲಿ ಶೇ 75 ಮಂದಿಗೆ ಲಸಿಕೆ ಆದರೆ ಆಸ್ಪತ್ರೆಗೆ ಪ್ರೋತ್ಸಾಹಧನ. ಒತ್ತಡ ನರ್ಸಿನ ತೋಳಿನಿಂದ ಆಡಳಿತಾಧಿಕಾರಿಯ ಲೆಕ್ಕದ ಪುಸ್ತಕಕ್ಕೆ ದಾಟಿತು.