ಬಿಸಿಯಾದರೆ ಮುನಿಸಿಕೊಳ್ಳುವ ಮಿಲಿಟರಿ ಜೀಪು

ಹಳೇ ಪೆಟ್ರೋಲ್ ಜೀಪು ಇಟ್ಟುಕೊಂಡವರ ಮನೆಯಲ್ಲಿ ಈ ದೂರು ಸಾಮಾನ್ಯ. ಬೆಳಿಗ್ಗೆ ತಣ್ಣಗಿದ್ದಾಗ ಚೋಕ್ ಎಳೆದು ಒಂದು ಸೆಲ್ಫ್ ಹೊಡೆದರೆ ಸಾಕು, ಸ್ಟಾರ್ಟ್. ಇಪ್ಪತ್ತು ಕಿಲೋಮೀಟರ್ ಓಡಿಸಿ, ಕಾಫಿಗೆ ಅಂತ ಹತ್ತು ನಿಮಿಷ ನಿಲ್ಲಿಸಿ ವಾಪಸ್ ಬಂದರೆ ಮುಗೀತು ಕಥೆ. ಎಷ್ಟು ಸೆಲ್ಫ್ ಹೊಡೆದರೂ ಮಾತಾಡುವುದಿಲ್ಲ. ಮುಕ್ಕಾಲು ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತದೆ. ಅವನ ಎದುರು ಅದು ಬಲು ಸಾಧು.

ನಮ್ಮ ಸೋದರಮಾವನ ಮನೆಯ ಜೀಪಿಗೂ ಇದೇ ಕಾಯಿಲೆ ಇತ್ತು. ಅದು 1944ರ ವಿಲ್ಲೀಸ್ ಎಂ.ಬಿ. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಇಂಥ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಉಳಿದವುಗಳಲ್ಲಿ ಎಷ್ಟೋ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಮಾರಾಟವಾದವು. ಹಾಗೆ ಬಂದ ಒಂದನ್ನು ಅಜ್ಜ ಮೂಡಿಗೆರೆ ಕಡೆಯ ತೋಟಕ್ಕೆ ತಂದಿದ್ದರು. ಅಜ್ಜ ಹೋಗಿ ವರ್ಷಗಳಾದವು, ಜೀಪು ಓಡುತ್ತಲೇ ಇದೆ. ಅದು ಷೋಕಿಗೆ ಇಟ್ಟುಕೊಂಡ ಗಾಡಿಯಲ್ಲ. ಅಜ್ಜಿಗೆ ಕಾರು ಆಗುವುದಿಲ್ಲ, ಘಾಟಿಯ ಎರಡನೇ ತಿರುವಿಗೇ ವಾಂತಿ. ಜೀಪಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತರೆ ಧರ್ಮಸ್ಥಳದವರೆಗೂ ಹುಷಾರಾಗಿ ಹೋಗಿ ಬರುತ್ತಾರೆ.

ತೊಂದರೆ ಬರುತ್ತಿದ್ದುದು ವಾಪಸ್ ಬರುವಾಗ. ಉಜಿರೆಯ ಸೆಕೆಯಿಂದ ಹೊರಟು ಚಾರ್ಮಾಡಿ ಏರಿ, ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಮುಂದೆ ಕೈ ಮುಗಿಯಲು ಇಳಿಯಲೇಬೇಕು. ಗಾಡಿ ಆಫ್ ಮಾಡಿದರೆ ಅಲ್ಲೇ ಬಿಡಾರ. ಹೋದ ವರ್ಷ ಅಜ್ಜಿ ರಸ್ತೆ ಪಕ್ಕದ ಕಟ್ಟೆಯ ಮೇಲೆ ಐವತ್ತು ನಿಮಿಷ ಕೂತಿದ್ದರು. ಆ ಹೊತ್ತಿಗೆ ಒಂದು ಗ್ಯಾರೇಜಿನವರು ಕಾರ್ಬೊರೇಟರ್ ಕಿಟ್ ಬದಲಿಸಿದ್ದರು, ಇನ್ನೊಂದು ಗ್ಯಾರೇಜಿನವರು ಪೆಟ್ರೋಲ್ ಪೈಪು, ಕಾಯಿಲ್, ಪ್ಲಗ್ ಎಲ್ಲ ಹೊಸದು ಹಾಕಿದ್ದರು. ಕೊನೆಗೆ ಇಬ್ಬರೂ ಹೇಳಿದ್ದು ಒಂದೇ ಮಾತು: ಇದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿ. ಮಾವ ಅಡ್ವಾನ್ಸ್ ಕೊಟ್ಟೂ ಬಂದರು. "ಇದರ ಆಯಸ್ಸು ಮುಗೀತು ಮಾರಾಯ, ಎಷ್ಟೂಂತ ಖರ್ಚು ಮಾಡೋದು?" ಅಂದರು ನನಗೆ ಫೋನಿನಲ್ಲಿ. ಹಳೇ ಎಂಜಿನ್ ಗುಜರಿಗೆ.

ಡೀಸೆಲ್ ಹಾಕಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಎಷ್ಟೋ ಜೀಪುಗಳು ಬದುಕಿ ಉಳಿದಿದ್ದೇ ಅದರಿಂದ. ಆದರೆ ಹೊಗೆ ಕಾರದ, ಆಯಿಲ್ ಕುಡಿಯದ, ಏರು ಹತ್ತುವಾಗ ದಮ್ಮು ಕಟ್ಟದ ಎಂಜಿನ್ನನ್ನು ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದು ಹೊಟ್ಟೆ ಉರಿಸುವ ವಿಷಯ. "ಒಂದು ವಾರ ತಡೀರಿ ಮಾವ, ಬರ್ತೀನಿ" ಅಂದೆ.

ಈ ಎಂಜಿನ್ ಬಿಸಿಯಲ್ಲಿ ಯಾಕೆ ಹಟ ಮಾಡುತ್ತದೆ ಅನ್ನುವುದು ಬಾನೆಟ್ ಎತ್ತಿ ಎಡಗಡೆ ನೋಡಿದರೆ ಅರ್ಥವಾಗುತ್ತದೆ. 2.2 ಲೀಟರಿನ, 60 ಕುದುರೆಶಕ್ತಿಯ ಈ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಹೋಗುವ ಮ್ಯಾನಿಫೋಲ್ಡ್ ಮತ್ತು ಹೊಗೆ ಹೊರಬರುವ ಮ್ಯಾನಿಫೋಲ್ಡ್ ಎರಡೂ ಒಂದೇ ಮಗ್ಗುಲಲ್ಲಿ ಅಂಟಿಕೊಂಡಿವೆ. ಕೆಳಗೆ ಕೆಂಡದಂಥ ಹೊಗೆ ಕೊಳವೆ, ಅದರ ಮೇಲೆ ಕಾರ್ಟರ್ ಕಂಪನಿಯ ಕಾರ್ಬೊರೇಟರ್. ಒಲೆಯ ಮೇಲೆ ಪಾತ್ರೆ ಇಟ್ಟ ಹಾಗೆ. ಪೆಟ್ರೋಲ್ ಪಂಪು ಕೂಡ ಅದೇ ಮಗ್ಗುಲಲ್ಲಿ, ಸ್ವಲ್ಪ ಮುಂದೆ. ಗಾಡಿ ಓಡುವಾಗ ಫ್ಯಾನ್ ಗಾಳಿ ಬಡಿಯುತ್ತಿರುತ್ತದೆ, ತಣ್ಣನೆಯ ಹೊಸ ಪೆಟ್ರೋಲ್ ಬರುತ್ತಿರುತ್ತದೆ. ಆಫ್ ಮಾಡಿದ ಕೂಡಲೇ ಎರಡೂ ನಿಂತು ಎಂಜಿನ್ನಿನ ಕಾವೆಲ್ಲ ಮೇಲಕ್ಕೇರುತ್ತದೆ. ಅಂದರೆ ನಿಲ್ಲಿಸಿದ ಮೇಲಿನ ಹತ್ತು-ಹದಿನೈದು ನಿಮಿಷದಲ್ಲಿ ಕಾರ್ಬೊರೇಟರ್ ಓಡುವಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ! ಕಾಫಿ ಕುಡಿದು ಬರುವ ಸಮಯ ಸರಿಯಾಗಿ ಅದೇ.

ನೀರಿನ ಹಾಗೆ ಪೆಟ್ರೋಲ್ ಒಂದೇ ಉಷ್ಣತೆಯಲ್ಲಿ ಕುದಿಯುವುದಿಲ್ಲ. ಅದರ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಏಳಲು ಶುರು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೇರೆ ಇರುತ್ತದೆ. ಎಥನಾಲ್ ಒಂದೇ ಇದ್ದರೆ 78 ಡಿಗ್ರಿಗೆ ಕುದಿಯುತ್ತದೆ, ಪೆಟ್ರೋಲಿನ ಜೊತೆ ಬೆರೆತಾಗ 70 ಡಿಗ್ರಿಯ ಹೊತ್ತಿಗೆಲ್ಲ ದೊಡ್ಡ ಪಾಲನ್ನು ಎಳೆದುಕೊಂಡು ಆವಿಯಾಗಿಬಿಡುತ್ತದೆ. 1944ರಲ್ಲಿ ಈ ಕಾರ್ಬೊರೇಟರ್ ಮಾಡಿದವರ ಲೆಕ್ಕದಲ್ಲಿ ಇದೆಲ್ಲ ಇರಲಿಲ್ಲ.

ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು. "ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ" ಅನ್ನುವ ಒಂದೇ ಲಕ್ಷಣದ ಹಿಂದೆ ಮೂರ್ನಾಲ್ಕು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಕುದಿದು ಎಂಜಿನ್ನಿನೊಳಕ್ಕೆ ಉಕ್ಕಿದರೆ ಅದು ಪೆಟ್ರೋಲ್ ಜಾಸ್ತಿಯಾದ ಕೇಸು, ನಾವು ಓವರ್ ಅಂತೀವಲ್ಲ ಅದು. ಪಂಪು ಅಥವಾ ಪೈಪಿನಲ್ಲೇ ಆವಿ ತುಂಬಿಕೊಂಡರೆ ಪಂಪು ಆವಿಯನ್ನು ನೂಕಲಾರದೆ ಕಾರ್ಬೊರೇಟರ್ ಒಣಗುತ್ತದೆ, ಅದು ಪೆಟ್ರೋಲ್ ಇಲ್ಲದ ಕೇಸು. ಕಂಡೆನ್ಸರ್ ಅಥವಾ ಕಾಯಿಲ್ ಕಾವಿಗೆ ಕೈಕೊಟ್ಟರೆ ಕಿಡಿ ಇಲ್ಲ. ಬ್ಯಾಟರಿ ಕೇಬಲ್ ಸಪೂರವಾಗಿದ್ದರೆ ಬಿಸಿ ಎಂಜಿನ್ನನ್ನು ಸೆಲ್ಫ್ ನಿಧಾನವಾಗಿ ತಿರುಗಿಸುತ್ತದೆ. ಮಿಲಿಟರಿ ಜೀಪಿನದು 6 ವೋಲ್ಟ್, ಕರೆಂಟು ಜಾಸ್ತಿ ಹರಿಯುವುದರಿಂದ ಕೇಬಲ್ ಹೆಬ್ಬೆರಳು ದಪ್ಪ ಬೇಕು. ಕಾರಿನ 12 ವೋಲ್ಟ್ ಕೇಬಲ್ ಹಾಕಿಕೊಂಡವರು ಬಹಳ ಜನ.

ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ, ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಆದ್ದರಿಂದ ಪರೀಕ್ಷೆ ಆಗಬೇಕಾದ್ದು ಗಾಡಿ ಬಿಸಿಯಾಗಿ, ಹಟ ಹಿಡಿದು ನಿಂತಿರುವ ಆ ಕೆಲವೇ ನಿಮಿಷಗಳಲ್ಲಿ. ಸಾಫ್ಟ್‌ವೇರಿನವರಿಗೆ ಇದು ಗೊತ್ತಿರುವ ವಿಷಯ. ಬಗ್ ಕಣ್ಣೆದುರು ಕಾಣಿಸುವ ತನಕ ಕೋಡ್ ಮುಟ್ಟಬಾರದು.

ತೋಟದ ಏರಿನಲ್ಲಿ ಎರಡು ಸಲ ಹತ್ತಿಸಿ ಇಳಿಸಿ, ಅಂಗಳಕ್ಕೆ ತಂದು ಆಫ್ ಮಾಡಿ, ಬಾನೆಟ್ ಎತ್ತದೆ ಹತ್ತು ನಿಮಿಷ ಕಾದೆವು. ಆಮೇಲೆ ಸೆಲ್ಫ್ ಹೊಡೆದರೆ ಗಾಡಿ ಎದ್ದೇಳಲಿಲ್ಲ. ಮಾವನಿಗೆ ಬೇಜಾರು, ನನಗೆ ಖುಷಿ. ಸೆಲ್ಫ್ ಜೋರಾಗೇ ತಿರುಗುತ್ತಿತ್ತು, ಹಾಗಾಗಿ ಕೇಬಲ್ ಸರಿ. ಮೊದಲು ಕಿಡಿ ನೋಡಿದೆವು, ಯಾಕೆಂದರೆ ಕಾರ್ಬೊರೇಟರ್ ಬಿಚ್ಚಿಟ್ಟುಕೊಂಡು ಕಿಡಿ ಹಾರಿಸುವುದು ಮನೆ ಸುಟ್ಟುಕೊಳ್ಳುವ ಕೆಲಸ. ಅದೃಷ್ಟಕ್ಕೆ ಡಿಸ್ಟ್ರಿಬ್ಯೂಟರ್ ಬಲಗಡೆ ಇದೆ. ಒಂದು ಹೆಚ್ಚುವರಿ ಪ್ಲಗ್ಗಿಗೆ ವೈರ್ ಸಿಕ್ಕಿಸಿ ಬಲಗಡೆಯೇ ಎಂಜಿನ್ನಿಗೆ ತಾಗಿಸಿ ಹಿಡಿದರೆ ನೀಲಿ ಕಿಡಿ, ಚಟಚಟ. ಇಗ್ನಿಷನ್ ಆಫ್ ಮಾಡಿ, ಕಾರ್ಬೊರೇಟರ್ ಮೇಲಿನ ಗಾಳಿ ಪೈಪು ತೆಗೆದು ಮೊಬೈಲ್ ಟಾರ್ಚಿನಲ್ಲಿ ಇಣುಕಿದೆ. ಎಂಜಿನ್ ನಿಂತಿದ್ದರೂ ಒಳಗಿನ ನಳಿಕೆಯಿಂದ ಪೆಟ್ರೋಲ್ ಹನಿ ಹನಿಯಾಗಿ ಬೀಳುತ್ತಿತ್ತು. ಮೂಗಿಗೆ ಬಡಿಯುವ ವಾಸನೆ. ಇದು ಉಕ್ಕುವ ಕೇಸು. ಒಳಗೆ ಒಣಗಿದ್ದು, ಆಕ್ಸಿಲರೇಟರ್ ಸನ್ನೆ ಎಳೆದರೂ ಪೆಟ್ರೋಲ್ ಚಿಮ್ಮದಿದ್ದರೆ ಪಂಪಿನ ಕಡೆ ನೋಡಬೇಕಿತ್ತು.

ಯಾಕೆ ಉಕ್ಕುತ್ತಿದೆ? ಎರಡು ಕಾರಣ ಸಿಕ್ಕಿತು. ಕಾರ್ಬೊರೇಟರ್ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಹಿಡಿದಾಗ ಫ್ಲೋಟ್‌ಗೂ ಮುಚ್ಚಳಕ್ಕೂ ನಡುವೆ 3/8 ಇಂಚು, ಅಂದರೆ ಒಂಬತ್ತೂವರೆ ಮಿಲಿಮೀಟರ್ ಸಂದು ಇರಬೇಕು. ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ಅಳೆಯಬಹುದು. ನಮ್ಮದರಲ್ಲಿ 7ರದ್ದು ಕೂಡ ಬಿಗಿಯಾಗಿ ಹೋಯಿತು. ಸಂದು ಕಡಿಮೆಯಾದಷ್ಟೂ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಜಾಸ್ತಿ, ಸ್ವಲ್ಪ ಕುದಿದರೂ ಉಕ್ಕುತ್ತದೆ. ಕಿಟ್ ಹಾಕಿದವರು ಸೂಜಿ ಬದಲಿಸಿದ್ದರೇ ಹೊರತು ಮಟ್ಟ ಕೂರಿಸಿರಲಿಲ್ಲ. (ಹಿತ್ತಾಳೆ ಫ್ಲೋಟಿಗೆ ತೂತು ಬಿದ್ದಿದ್ದರೂ ಇದೇ ಗತಿ. ಬಿಸಿನೀರಿನಲ್ಲಿ ಅದ್ದಿ ನೋಡಿ, ಗುಳ್ಳೆ ಬಂದರೆ ತೂತು.)

ಇನ್ನೊಂದು ಕಾರಣ ಯಾರೂ ನೋಡದ ಜಾಗದಲ್ಲಿತ್ತು. ಎರಡು ಮ್ಯಾನಿಫೋಲ್ಡ್‌ಗಳು ಕೂಡುವ ಕಡೆ ಒಂದು ಸಣ್ಣ ಮುಚ್ಚುಬಾಗಿಲು ಇದೆ, ಹೊರಗಡೆ ಅದಕ್ಕೊಂದು ಸ್ಪ್ರಿಂಗು, ಒಂದು ತೂಕದ ತುಂಡು. ಚಳಿಯಲ್ಲಿ ಬಿಸಿ ಹೊಗೆಯನ್ನು ಕಾರ್ಬೊರೇಟರಿನ ಅಡಿಗೆ ತಿರುಗಿಸಿ ಬೇಗ ಕಾಯಿಸುವುದು ಅದರ ಕೆಲಸ. ಎಂಜಿನ್ ಬಿಸಿಯಾದ ಮೇಲೆ ತಾನೇ ತಿರುಗಿಕೊಂಡು ಹೊಗೆಯನ್ನು ನೇರ ಸೈಲೆನ್ಸರಿಗೆ ಬಿಡಬೇಕು. ನಮ್ಮದು ಕಾಯಿಸುವ ಕಡೆಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಂದರೆ ಚಾರ್ಮಾಡಿ ಏರುವಾಗಲೆಲ್ಲ ಕಾರ್ಬೊರೇಟರಿನ ಅಡಿಗೆ ಒಲೆ ಉರಿಯುತ್ತಲೇ ಇತ್ತು. ಎರಡು ದಿನ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮೆಲ್ಲಗೆ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದೆವು. ಸ್ಪ್ರಿಂಗಿನ ಜೀವ ಹೋಗಿತ್ತು, ಅದಕ್ಕೆ ಬಾಗಿಲನ್ನು ಬಿಸಿ ಕೊಡದ ಕಡೆಗೆ ತಂತಿಯಲ್ಲಿ ಕಟ್ಟಿಬಿಟ್ಟೆವು. ಡಿಸೆಂಬರ್ ಬೆಳಿಗ್ಗೆ ಚೋಕ್ ಸ್ವಲ್ಪ ಜಾಸ್ತಿ ಹೊತ್ತು ಎಳೆದಿಡಬೇಕಾಗುತ್ತದೆ, ಅಷ್ಟೇ. ಹೊಸ ಪೆಟ್ರೋಲ್ ಪೈಪು ಸಹ ಹೊಗೆ ಕೊಳವೆಗೆ ಒರಗಿಕೊಂಡಿತ್ತು, ಅದನ್ನು ನಾಲ್ಕು ಬೆರಳು ದೂರ ಸರಿಸಿದೆವು.

ಉಕ್ಕಿ ನಿಂತ ಗಾಡಿ ಸ್ಟಾರ್ಟ್ ಮಾಡಲು ಒಂದು ರೀತಿ ಇದೆ. ಚೋಕ್ ಮುಟ್ಟಬಾರದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಾಗೇ ಹಿಡಿಯಬೇಕು, ಪದೇ ಪದೇ ತುಳಿಯಬಾರದು. ಒಂದೊಂದು ತುಳಿತಕ್ಕೂ ಇನ್ನಷ್ಟು ಪೆಟ್ರೋಲ್ ಒಳಕ್ಕೆ ಹೋಗುತ್ತದೆ. ಆದರೆ ಈ ಜೀಪಿನಲ್ಲಿ ಸೆಲ್ಫ್ ಕೂಡ ಕಾಲಲ್ಲೇ ಒತ್ತುವಂಥದು, ಆಕ್ಸಿಲರೇಟರಿನ ಪಕ್ಕದಲ್ಲೇ. ಒಂದೇ ಬಲಗಾಲಿನಲ್ಲಿ ಎರಡನ್ನೂ ಒತ್ತುವುದು ಸರ್ಕಸ್ಸು. ಡ್ಯಾಶ್‌ಬೋರ್ಡಿನಲ್ಲಿ ಚೋಕ್ ಜೊತೆ ಕೈಯಲ್ಲಿ ಎಳೆಯುವ ಆಕ್ಸಿಲರೇಟರ್ ಗುಂಡಿ ಇದೆಯಲ್ಲ, ಅದನ್ನು ಪೂರ್ತಿ ಎಳೆದು ಕಾಲಲ್ಲಿ ಸೆಲ್ಫ್ ಒತ್ತಿದರಾಯಿತು. ಎಂಜಿನ್ ಹಿಡಿದ ತಕ್ಷಣ ಗುಂಡಿಯನ್ನು ಒಳಕ್ಕೆ ನೂಕಬೇಕು, ಇಲ್ಲದಿದ್ದರೆ ಕಿವಿ ಹರಿಯುವ ಹಾಗೆ ಕಿರುಚುತ್ತದೆ. ಪೆಟ್ರೋಲ್ ಒಣಗಿದ ಕೇಸಾದರೆ ಇದೆಲ್ಲ ಪ್ರಯೋಜನವಿಲ್ಲ. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ, ಬಾನೆಟ್ ಎತ್ತಿಟ್ಟು ಕಾಯುವುದೇ ದಾರಿ.

ಇಷ್ಟಾದ ಮೇಲೆ ಮೂರು ವಾರ ಒಂದೂ ದೂರಿಲ್ಲ. ಆಮೇಲೆ ಮಾವನ ಫೋನು: "ನಿನ್ನ ರಿಪೇರಿ ಕೈಕೊಡ್ತಲ್ಲೋ, ಸಂತೆಯಲ್ಲಿ ನಿಂತಿದೆ." ಬಿಸಿ ಇರುವಾಗಲೇ ಕಿಡಿ ನೋಡಿ ಮಾವ ಅಂದೆ. ಐದು ನಿಮಿಷ ಬಿಟ್ಟು ಅವರೇ ಮಾಡಿ ಹೇಳಿದರು: ಕಿಡಿ ಹಳದಿ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಈ ಸಲ ಕಂಡೆನ್ಸರ್. ಕಾರ್ಬೊರೇಟರಿಗೆ ಸಂಬಂಧವೇ ಇಲ್ಲ, ಲಕ್ಷಣ ಮಾತ್ರ ತದ್ರೂಪು. ಕಂಡೆನ್ಸರ್ ಬದಲಿಸಿ, ಪಾಯಿಂಟ್ ಸಂದು 0.020 ಇಂಚಿಗೆ ಇಟ್ಟ ಮೇಲೆ ಸರಿಹೋಯಿತು. ಈಗ ಮಾವ ಟೂಲ್ ಬಾಕ್ಸಿನಲ್ಲಿ ಎರಡು ಕಂಡೆನ್ಸರ್, ಒಂದು ಪ್ಲಗ್, ಒಂದು ಹಳೇ ಟವೆಲ್ ಇಟ್ಟುಕೊಂಡಿದ್ದಾರೆ. ಎಥನಾಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ ಅಂತ ಪಂಪಿನ ಡಯಾಫ್ರಮ್ಮನ್ನೂ ಎಥನಾಲ್ ತಡೆಯುವಂಥದಕ್ಕೆ ಬದಲಿಸಿದ್ದಾಯಿತು. ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ, ಸೋರುವ ರಬ್ಬರ್ ಪೈಪಿನ ವಿಷಯದಲ್ಲಿ ಉದಾಸೀನ ಮಾಡುವ ಹಾಗೇ ಇಲ್ಲ.

ಈ ವರ್ಷ ಧರ್ಮಸ್ಥಳದಿಂದ ಬರುವಾಗ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಗಾಡಿ ಆಫ್ ಮಾಡಿ ಕಾಲು ಗಂಟೆ ನಿಂತಿದ್ದೆವು. ಅಜ್ಜಿ ಅಭ್ಯಾಸ ಬಲದಿಂದ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಕೂತೇಬಿಟ್ಟಿದ್ದರು. "ಏಳಿ ಅಜ್ಜಿ, ಹೊರಡೋಣ" ಅಂದರೆ ನಂಬಲಿಲ್ಲ. ಸೆಲ್ಫ್ ಒತ್ತಿ, ಎಂಜಿನ್ ಸದ್ದು ಕೇಳಿಸಿದ ಮೇಲೇ ಎದ್ದರು. ಡೀಸೆಲ್ ಎಂಜಿನ್ನಿಗೆ ಕೊಟ್ಟ ಅಡ್ವಾನ್ಸ್ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಅದೇ ದುಡ್ಡಿನಲ್ಲಿ ಗದ್ದೆಯ ಟಿಲ್ಲರ್ ರಿಪೇರಿ ಮಾಡಿಸಿಕೊಳ್ಳುವ ಮಾತುಕತೆ ನಡೆಸಿದ್ದಾರೆ ಮಾವ.