ಸಂತ ಪ್ಯಾಟ್ರಿಕರ ಬೆಟ್ಟದಲ್ಲಿ ಒಂದು ದಿನ

ಐರ್ಲೆಂಡಿನ ಪಶ್ಚಿಮ ಕಡಲತಡಿಯ ಮೇಯೋ ಪ್ರಾಂತ್ಯದಲ್ಲಿ ವೆಸ್ಟ್‌ಪೋರ್ಟ್ ಎಂಬ ಪುಟ್ಟ ಪಟ್ಟಣವಿದೆ. ಅದರ ಸಮೀಪದಲ್ಲಿ 764 ಮೀಟರ್ ಎತ್ತರಕ್ಕೆ ತಲೆಯೆತ್ತಿ ನಿಂತಿರುವ ಶಿಖರವೇ ಕ್ರೋ ಪ್ಯಾಟ್ರಿಕ್. ಕ್ರಿ.ಶ. 441ರಲ್ಲಿ ಸಂತ ಪ್ಯಾಟ್ರಿಕರು ಇದರ ತುದಿಯಲ್ಲಿ 40 ದಿನ ಉಪವಾಸವಿದ್ದು ಪ್ರಾರ್ಥಿಸಿದರೆಂಬುದು ಪರಂಪರಾಗತ ನಂಬುಗೆ. ಪ್ರತಿವರ್ಷ ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು ಇದನ್ನೇರುತ್ತಾರೆ, ಕೆಲವರು ಬರಿಗಾಲಿನಲ್ಲೇ. ನಾವು ಹೋದದ್ದು ಜೂನ್ ತಿಂಗಳ ಒಂದು ಸಾಮಾನ್ಯ ದಿನ. ಆ ಊರಿನ ನಿವೃತ್ತ ಶಿಕ್ಷಕ ದಂಪತಿಗಳು ನಮಗೆ ಆತಿಥೇಯರೂ ಮಾರ್ಗದರ್ಶಕರೂ ಆಗಿದ್ದರು.

ಬುಡದ ಮರಿಸ್ಕ್ ಗ್ರಾಮದಿಂದ ಹಾದಿ ಆರಂಭ. 1928ರಲ್ಲಿ ಸ್ಥಾಪಿಸಿದ ಸಂತರ ಪ್ರತಿಮೆಗೆ ನಮಿಸಿ, ಊರುಗೋಲು ಹಿಡಿದು ಹೊರಟೆವು. ಶಿಖರದ ಬುಡದಲ್ಲಿ, ಸಂತರ ಶಿಷ್ಯ ಬೆನಿಗ್ನಸರ ಹೆಸರಿನ ಕಲ್ಲುಗುಪ್ಪೆಯಿದೆ. ಯಾತ್ರಿಕರು ಅದನ್ನು 7 ಬಾರಿ ಸುತ್ತುತ್ತಾ 7 ಪರಲೋಕ ಮಂತ್ರ, 7 ನಮೋ ಮರಿಯಾ ಹಾಗೂ ಒಂದು ವಿಶ್ವಾಸ ಪ್ರಮಾಣವನ್ನು ಜಪಿಸುವುದು ವಾಡಿಕೆ. ನಾವೂ ಹಾಗೆಯೇ ಮಾಡಿದೆವು. ಅವರು ಇಂಗ್ಲಿಷಿನಲ್ಲಿ, ನಾವು ಕನ್ನಡದಲ್ಲಿ.

ಅಲ್ಲಿಂದಾಚೆಗೆ ಕಡಿದಾದ ಏರು, ಬರೀ ಸಡಿಲ ಕಲ್ಲುಗಳು. ತುದಿಯಲ್ಲಿ 1905ರ ಪುಟ್ಟ ದೇವಾಲಯ. ಕೆಳಗೆ ಕ್ಲೂ ಕೊಲ್ಲಿ ಹಾಗೂ ಅದರಲ್ಲಿ ಚೆಲ್ಲಿದಂತಿರುವ ಅಸಂಖ್ಯ ನಡುಗಡ್ಡೆಗಳು. ವರ್ಷದ ದಿನಗಳಿಗೆ ಒಂದರಂತೆ 365 ಇವೆಯೆಂದು ಊರವರು ಹೇಳುತ್ತಾರೆ. ದೇವಾಲಯವನ್ನು ಸುತ್ತಿ ಕುಳಿತಾಗ ಆ ತಾಯಿ ಮೆಲ್ಲನೆ ನುಡಿದರು: "ನನ್ನ ಇಬ್ಬರು ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದಾರೆ. ಅವರೀಗ ಬಲಿಪೂಜೆಗೆ ಹೋಗುವುದಿಲ್ಲ. ಅವರಿಗಾಗಿ ನಾನು ಪ್ರತಿವರ್ಷವೂ ಹತ್ತುತ್ತೇನೆ. ಗದರಿಸಿ ಪ್ರಯೋಜನವಿಲ್ಲ, ನಡೆದು ಪ್ರಾರ್ಥಿಸಬಲ್ಲೆ." ಅವರ ಪತಿ ಮಾತನಾಡದೆ ಕಡಲನ್ನೇ ನೋಡುತ್ತಿದ್ದರು.

ಇದು ಒಂದು ಮನೆಯ ಕಥೆಯಲ್ಲ. ಐರ್ಲೆಂಡಿನ ಜನಗಣತಿಯಂತೆ 2011ರಲ್ಲಿ ಶೇಕಡಾ 84ರಷ್ಟಿದ್ದ ಕಥೋಲಿಕರು 2022ರ ವೇಳೆಗೆ ಶೇಕಡಾ 69ಕ್ಕೆ ಇಳಿದಿದ್ದಾರೆ. ಜಗತ್ತಿನ ಮೂಲೆಮೂಲೆಗೆ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಳುಹಿಸಿದ ನಾಡಿದು!

ಇಳಿದು ಬಂದ ಮೇಲೆ 1457ರಲ್ಲಿ ಸ್ಥಾಪಿತವಾದ ಅಗಸ್ಟೀನ್ ಸಭೆಯ ಮಠದ ಅವಶೇಷಗಳನ್ನು ಕಂಡೆವು. ಅದರ ಸನಿಹದಲ್ಲೇ 1997ರಲ್ಲಿ ಅನಾವರಣಗೊಂಡ ಕ್ಷಾಮ ಸ್ಮಾರಕವಿದೆ. ಅದೊಂದು ಕಂಚಿನ ಹಡಗು. ಅದರ ಹಗ್ಗಗಳ ಜಾಗದಲ್ಲಿ ಅಸ್ಥಿಪಂಜರಗಳು. 1845ರಿಂದ ಆಲೂಗೆಡ್ಡೆ ಬೆಳೆ ಕೊಳೆತು ಉಂಟಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಮಡಿದರು. ಅಷ್ಟೇ ಮಂದಿ ನಾಡು ತೊರೆದರು. ಹಡಗಿನಲ್ಲೇ ಪ್ರಾಣ ಬಿಟ್ಟವರೂ ಅನೇಕರು. ಹಸಿವು ಆ ಪೀಳಿಗೆಯಿಂದ ಎಲ್ಲವನ್ನೂ ಕಿತ್ತುಕೊಂಡಿತು, ವಿಶ್ವಾಸವನ್ನಲ್ಲ. ಅದನ್ನವರು ಹೋದ ನಾಡುಗಳಲ್ಲೆಲ್ಲ ಬಿತ್ತಿದರು.

ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳು ಮುಂಬಯಿ, ಕೊಲ್ಲಿ ರಾಷ್ಟ್ರಗಳನ್ನು ದಾಟಿ ಇಂದು ಐರ್ಲೆಂಡನ್ನೂ ತಲುಪಿದ್ದಾರೆ. ಅವರು ಕಳುಹಿಸುವ ಹಣದ ಲೆಕ್ಕ ನಮ್ಮಲ್ಲಿದೆ. ಅವರ ಪ್ರಾರ್ಥನಾ ಜೀವನ ಹೇಗಿದೆಯೆಂದು ಪ್ರೀತಿಯಿಂದ ವಿಚಾರಿಸುವ ತಂದೆತಾಯಂದಿರು ಎಷ್ಟು ಮಂದಿ? ಅವರಿಗಾಗಿ ಬೆಟ್ಟವನ್ನೇ ಹತ್ತಬೇಕೆಂದಿಲ್ಲ. ಪ್ರತಿ ಸಂಜೆಯ ಜಪಮಾಲೆಯಲ್ಲಿ ಒಂದು ದಶಕವನ್ನು ದೂರದ ಮಕ್ಕಳ ಹೆಸರಿನಲ್ಲಿ ಅರ್ಪಿಸಬಹುದಲ್ಲವೇ?