ಉಪಶೀರ್ಷಿಕೆಯ ಘಟಕ ಯಾವುದು? ಮೀಡಿಯಾ ಪ್ಲೇಯರ್‌ಗಳಲ್ಲಿ ಕನ್ನಡ ಅಕ್ಷರದ ಜೋಡಣೆ, ಒಡೆತ ಮತ್ತು ಎಣಿಕೆ

ಸಾರಾಂಶ

ಮೀಡಿಯಾ ಪ್ಲೇಯರ್ ತಂತ್ರಾಂಶಗಳಲ್ಲಿ ಕನ್ನಡ ಉಪಶೀರ್ಷಿಕೆಗಳ ಅಕ್ಷರಜೋಡಣೆ ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಸುಧಾರಿಸಿದೆ. ಆದರೆ ಸಾಲನ್ನು ಒಡೆಯುವಾಗ, ಬಣ್ಣ ಬದಲಿಸುವಾಗ ಮತ್ತು ಓದಿನ ವೇಗವನ್ನು ಅಳೆಯುವಾಗ ತಂತ್ರಾಂಶವು ಸಾಮಾನ್ಯವಾಗಿ ಆಧರಿಸುವುದು ಕೋಡ್‌ಪಾಯಿಂಟನ್ನೇ ಹೊರತು ಓದುಗನು ಕಾಣುವ ಅಕ್ಷರವನ್ನಲ್ಲ. ಈ ಅಂತರದ ಪರಿಣಾಮಗಳನ್ನು ಈ ಲೇಖನದಲ್ಲಿ ವಿವರಿಸಿ, ಕನ್ನಡ ಲಿಪಿಯನ್ನು ಬಳಸುವ ಎಲ್ಲ ಭಾಷೆಗಳಿಗೂ ಒಂದೇ ಎಣಿಕೆಯ ನಿಯಮ ಸಾಲದೆಂಬುದನ್ನು ತುಳುವಿನ ನಿದರ್ಶನದಿಂದ ತೋರಿಸುತ್ತೇವೆ.

ಕೀಲಿಪದಗಳು: ಉಪಶೀರ್ಷಿಕೆ, ಅಕ್ಷರ, ಸಂಯುಕ್ತಾಕ್ಷರ, ಯೂನಿಕೋಡ್, ಓದಿನ ವೇಗ, ತುಳು

1. ಪೀಠಿಕೆ

ಕ್ಷೇತ್ರಕಾರ್ಯದಲ್ಲಿ ದಾಖಲಿಸಿದ ಒಂದು ತುಳು ಸಂಭಾಷಣೆಯನ್ನು ಲಿಪ್ಯಂತರಿಸಿ, ಈಲಾನ್ ತಂತ್ರಾಂಶದಿಂದ ಎಸ್‌ಆರ್‌ಟಿ ಕಡತವಾಗಿ ಹೊರತೆಗೆದು, ಭಾಷಿಕರ ಮನೆಯಲ್ಲಿಯೇ ಅವರಿಗೆ ತೋರಿಸಿ ಪರಿಶೀಲಿಸುವ ಕ್ರಮವನ್ನು ನಾವು ಕೆಲವು ಕಾಲದಿಂದ ಅನುಸರಿಸುತ್ತಿದ್ದೇವೆ. ಒಮ್ಮೆ ನಮ್ಮ ಗಣಕದಲ್ಲಿ ಸರಿಯಾಗಿ ಕಂಡ ಪಠ್ಯ, ಆ ಮನೆಯ ದೂರದರ್ಶನ ಪೆಟ್ಟಿಗೆಯಲ್ಲಿದ್ದ ಪ್ಲೇಯರ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಾಣಿಸಿತು. ಕಡತ ಅದೇ, ಅದರೊಳಗಿನ ಸಂಕೇತಗಳೂ ಅವೇ. ಆದರೂ ಆ ಹಿರಿಯರು ಓದಿದ್ದು ನಾವು ಬರೆದದ್ದನ್ನಲ್ಲ: ಬೇರ್ಪಟ್ಟ ಪ್ರತಿಯೊಂದು ಅರ್ಧಾಕ್ಷರದ ಬಳಿಯೂ ಅವರು ಒಂದು ಸ್ವರವನ್ನು ಸೇರಿಸಿ ಓದುತ್ತಿದ್ದರು. ಲಿಪ್ಯಂತರ ತಪ್ಪಿದೆಯೆಂದು ನಾವು ಮೊದಲು ಭಾವಿಸಿದೆವು. ತಪ್ಪು ಲಿಪ್ಯಂತರದಲ್ಲಿರಲಿಲ್ಲ.

ಈ ಪ್ರಸಂಗವನ್ನು ಕೇವಲ ತಾಂತ್ರಿಕ ಲೋಪವೆಂದು ಬದಿಗಿಡಬಹುದಿತ್ತು. ಆದರೆ ಪರದೆಯ ಮೇಲೆ ಲಿಪಿಯ ಕನಿಷ್ಠ ಘಟಕ ಯಾವುದೆಂಬ ಪ್ರಶ್ನೆಗೆ ತಂತ್ರಾಂಶ ತನ್ನದೇ ಉತ್ತರವನ್ನು ಮೊದಲೇ ಕೊಟ್ಟಿರುತ್ತದೆ. ಆ ಉತ್ತರವನ್ನು ಪರೀಕ್ಷಿಸಬೇಕಾದವರು ಭಾಷಾವಿಜ್ಞಾನಿಗಳು.

2. ಜೋಡಣೆ: ಬಹುಪಾಲು ಬಗೆಹರಿದ ಭಾಗ

ಎಸ್‌ಆರ್‌ಟಿ ಕಡತವೆಂಬುದು ಅತಿ ಸರಳ ರಚನೆ: ಒಂದು ಕ್ರಮಸಂಖ್ಯೆ, ಆರಂಭ ಹಾಗೂ ಅಂತ್ಯದ ಕಾಲ, ಅದರ ಕೆಳಗೆ ಪಠ್ಯ. ಪಠ್ಯದ ಭಾಷೆಯನ್ನಾಗಲಿ ಸಂಕೇತವಿಧಾನವನ್ನಾಗಲಿ ಸೂಚಿಸುವ ಸ್ಥಾನ ಅದರಲ್ಲಿಲ್ಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕು. ಪ್ಲೇಯರ್ ಅದನ್ನು ಪಾಶ್ಚಾತ್ಯ ಸಂಕೇತವಿಧಾನವೆಂದು ಊಹಿಸಿದರೆ ಪ್ರತಿ ಕನ್ನಡ ಸಂಕೇತದ ಜಾಗದಲ್ಲಿ ಮೂರು ಅಪರಿಚಿತ ಚಿಹ್ನೆಗಳು ಮೂಡುತ್ತವೆ. ಈ ದೋಷ ಎದ್ದು ಕಾಣುವುದರಿಂದ ಅದು ಅಪಾಯಕಾರಿಯಲ್ಲ.

ಸಂಕೇತಗಳು ಸರಿಯಾಗಿ ಓದಲ್ಪಟ್ಟ ಮೇಲೆ ಅಕ್ಷರಜೋಡಣೆ ಆರಂಭವಾಗುತ್ತದೆ. 'ಕನ್ನಡ' ಎಂಬ ಪದ ಕಡತದಲ್ಲಿ ಕ, ನ, ವಿರಾಮ, ನ, ಡ ಎಂಬ ಐದು ಕೋಡ್‌ಪಾಯಿಂಟುಗಳಾಗಿರುತ್ತದೆ. ವಿರಾಮದ ನಂತರದ ನಕಾರವನ್ನು ಒತ್ತಾಗಿಸಿ ಮೊದಲ ನಕಾರದ ಕೆಳಗೆ ಕೂರಿಸುವುದು ಜೋಡಣೆಯ ಕೆಲಸ. ಈ ಹಂತವಿಲ್ಲದ ಪ್ಲೇಯರ್ 'ಕನ್‌ನಡ' ಎಂದು ತೋರಿಸುತ್ತದೆ. 'ಕರ್ನಾಟಕ'ದಲ್ಲಿ ಇನ್ನೂ ಒಂದು ತೊಡಕಿದೆ. ಉಚ್ಚಾರಣೆಯಲ್ಲಿಯೂ ಕಡತದಲ್ಲಿಯೂ ರೇಫವು ನಾಕಾರಕ್ಕಿಂತ ಮೊದಲು ಬರುತ್ತದೆ. ಬರೆಹದಲ್ಲಿ ಅರ್ಕಾವತ್ತು ಅದರ ನಂತರ ಬರುತ್ತದೆ. ಆದ್ದರಿಂದ ಜೋಡಣೆಯೆಂದರೆ ಆಕಾರ ಬದಲಾವಣೆ ಮಾತ್ರವಲ್ಲ, ಸ್ಥಾನಪಲ್ಲಟವೂ ಹೌದು.

ಈ ಕೆಲಸವನ್ನು ಇಂದು ಬಹುತೇಕ ಮುಕ್ತ ತಂತ್ರಾಂಶಗಳಲ್ಲಿ ಹಾರ್ಫ್‌ಬಝ್ ಎಂಬ ಸಾಧನಸಂಗ್ರಹ ನಿರ್ವಹಿಸುತ್ತದೆ. ಉಪಶೀರ್ಷಿಕೆಗಳನ್ನು ಮೂಡಿಸುವ ಲಿಬ್‌ಆಸ್‌ಗೆ ಅದು 2011ರಲ್ಲಿ ಸೇರಿತು. ವಿಎಲ್‌ಸಿ ಪ್ಲೇಯರ್‌ನ ಪಠ್ಯವಿಭಾಗಕ್ಕೆ 2018ರ 3.0 ಆವೃತ್ತಿಯೊಂದಿಗೆ ಬಂದಿತು. ಎಂಪಿವಿ ಪ್ಲೇಯರ್ ತನ್ನ ಪಠ್ಯರೂಪದ ಉಪಶೀರ್ಷಿಕೆಗಳಿಗೆಲ್ಲ ಲಿಬ್‌ಆಸ್ ಅನ್ನೇ ಅವಲಂಬಿಸಿದೆ. ಹಳೆಯ ಆವೃತ್ತಿಗಳನ್ನು ಹೊತ್ತ ಅಗ್ಗದ ಪೆಟ್ಟಿಗೆಗಳಲ್ಲಿ ಮಾತ್ರ ಬಿಡಿಯಕ್ಷರದ ಸಮಸ್ಯೆ ಉಳಿದುಕೊಂಡಿದೆಯೆನ್ನಬಹುದು. ಆದರೆ ನಾವು ಕ್ಷೇತ್ರದಲ್ಲಿ ಎದುರಿಸುವುದು ಬಹುಮಟ್ಟಿಗೆ ಅಂಥ ಪೆಟ್ಟಿಗೆಗಳನ್ನೇ.

ಚಿತ್ರದ ಗುಣಮಟ್ಟಕ್ಕೂ ಇದಕ್ಕೂ ಒಂದು ಸಂಬಂಧವಿದೆ. ಉಪಶೀರ್ಷಿಕೆಯನ್ನು ಮೂಲ ವಿಡಿಯೊದ ಚೌಕಟ್ಟಿನ ಮೇಲೆ ಮೊದಲೇ ಬರೆದು ಬಳಿಕ ಎರಡನ್ನೂ ಒಟ್ಟಿಗೆ ಹಿಗ್ಗಿಸಬಹುದು. ಅಥವಾ ವಿಡಿಯೊವನ್ನು ಮೊದಲು ಹಿಗ್ಗಿಸಿ, ಪರದೆಯ ಪೂರ್ಣ ಸಾಂದ್ರತೆಯಲ್ಲಿ ಪಠ್ಯವನ್ನು ಅದರ ಮೇಲೆ ಬರೆಯಬಹುದು. ಎಂಪಿವಿಯಲ್ಲಿ ಎರಡೂ ಆಯ್ಕೆಗಳಿವೆ. ಕನ್ನಡಕ್ಕೆ ಎರಡನೆಯದೇ ಸರಿಯೆಂಬುದು ನಮ್ಮ ನಿಲುವು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳನ್ನು ಪ್ರತ್ಯೇಕಿಸುವುದು ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಷ ಇವುಗಳನ್ನು ಪ್ರತ್ಯೇಕಿಸುವುದು ಒಳಗಿನ ಒಂದು ಗೆರೆ. ಕಡಿಮೆ ಸಾಂದ್ರತೆಯಲ್ಲಿ, ಅದೂ ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಇದ್ದಾಗ, ಇವು ಮೊದಲು ಮುಚ್ಚಿಹೋಗುತ್ತವೆ. ಸಾಲುಗಳ ನಡುವಣ ಅಂತರವನ್ನು ರೋಮನ್ ಲಿಪಿಯ ಅಳತೆಯಲ್ಲಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಮಹಾಪ್ರಾಣದ ವಿತರಣೆಯನ್ನು ಅಧ್ಯಯನ ಮಾಡುವವರಿಗೆ ಇದು ಅಲಂಕಾರದ ವಿಷಯವಲ್ಲ.

3. ಒಡೆತ: ಧ್ವನಿಯ ಗಡಿ, ಬರೆಹದ ಗಡಿ

ಹಾಡಿನ ಉಪಶೀರ್ಷಿಕೆಯಲ್ಲಿ ಹಾಡುತ್ತಿರುವ ಭಾಗಕ್ಕೆ ಬಣ್ಣ ಬದಲಿಸುವ ಪದ್ಧತಿ ಪರಿಚಿತವಾದದ್ದೇ. ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆಯಲ್ಲಿ ಬ್ರಿಜ್ ಕೊಠಾರಿಯವರು 1996ರಿಂದ ಮುಂದಿಟ್ಟ ಸಮಾನಭಾಷಾ ಉಪಶೀರ್ಷಿಕೆಯ ಯೋಜನೆ ಸಾಕ್ಷರತೆಗೆ ಇದನ್ನೇ ಸಾಧನವಾಗಿಸಿಕೊಂಡಿತು. ಪದದ ಮಟ್ಟದಲ್ಲಿ ಬಣ್ಣ ಬದಲಾಗುವವರೆಗೆ ಯಾವ ತೊಡಕೂ ಇಲ್ಲ. ಉಚ್ಚಾರಾಂಶದ ಮಟ್ಟಕ್ಕೆ ಇಳಿದೊಡನೆ ತೊಡಕು ಹುಟ್ಟುತ್ತದೆ.

'ಅಕ್ಕ' ಎಂಬ ಪದ ಉಚ್ಚಾರಣೆಯಲ್ಲಿ ಅಕ್ ಮತ್ತು ಕ ಎಂದು ಒಡೆಯುತ್ತದೆ. ಬರೆಹದಲ್ಲಿ ಅ ಮತ್ತು ಕ್ಕ ಎಂದು. ಧ್ವನಿವಿಜ್ಞಾನದ ದೃಷ್ಟಿಯಿಂದ ನಿಷ್ಠರಾಗಿ ನಾವು ಬಣ್ಣದ ಗುರುತನ್ನು ಮೊದಲ ಕಕಾರದ ನಂತರ ಇಟ್ಟರೆ, ಆ ಗುರುತು ಸಂಯುಕ್ತಾಕ್ಷರದ ನಡುವೆ ಬೀಳುತ್ತದೆ. ಗುರುತು ಬಿದ್ದಲ್ಲಿ ಪಠ್ಯವನ್ನು ತುಂಡರಿಸಿ ಪ್ರತಿ ತುಂಡನ್ನೂ ಬೇರೆಯಾಗಿ ಜೋಡಣೆಗೆ ಕಳುಹಿಸುವ ಪ್ಲೇಯರ್‌ನಲ್ಲಿ 'ಅಕ್‌ಕ' ಮೂಡುತ್ತದೆ. ತುಂಡರಿಸದೆ ಒಟ್ಟಿಗೆ ಜೋಡಿಸಿದರೂ ಪರಿಹಾರ ದೊರೆಯದು: ಒತ್ತು ಇರುವುದು ಕೆಳಗೆ, ಬಣ್ಣ ಸಾಗುವುದು ಎಡದಿಂದ ಬಲಕ್ಕೆ. 'ಕರ್ನಾಟಕ'ದಲ್ಲಿಯಂತೂ ಮೊದಲ ಉಚ್ಚಾರಾಂಶದ ಕೊನೆಯ ವ್ಯಂಜನದ ಚಿಹ್ನೆ ಎರಡನೆಯ ಉಚ್ಚಾರಾಂಶದ ಬಲಕ್ಕಿದೆ. ಧ್ವನಿಯ ಕ್ರಮದಲ್ಲಿ ಬಣ್ಣ ಹರಿಸುವುದು ಇಲ್ಲಿ ಜ್ಯಾಮಿತಿಯಿಂದಲೇ ಅಸಾಧ್ಯ. ಉಚ್ಚಾರಾಂಶದ ಸ್ತರದಲ್ಲಿ ಕಾಲಗುರುತು ಮಾಡಿದ ದತ್ತಾಂಶವನ್ನು ಉಪಶೀರ್ಷಿಕೆಯಾಗಿ ಪರಿವರ್ತಿಸುವ ಸಂಶೋಧನಾ ವಿದ್ಯಾರ್ಥಿಗಳು ಮೊದಲು ಗಡಿಗಳನ್ನು ಅಕ್ಷರದ ಆರಂಭಕ್ಕೆ ಸರಿಸಿಕೊಳ್ಳಬೇಕು; ಮೂಲ ಗಡಿಗಳನ್ನು ಪ್ರತ್ಯೇಕ ಸ್ತರದಲ್ಲಿ ಉಳಿಸಿಕೊಳ್ಳಬೇಕು.

ಸಾಲು ಮುರಿಯುವಾಗಲೂ ಇದೇ ಪ್ರಶ್ನೆ. 'ಹೋಗಬೇಕಾಗಿತ್ತೆಂಬುದನ್ನು' ಎಂಬಂಥ ಪದ ಸಾಲಿನ ಅಗಲವನ್ನು ಮೀರಿದಾಗ ತಂತ್ರಾಂಶ ಎಲ್ಲಿಯಾದರೂ ಕತ್ತರಿಸಲೇಬೇಕು. ಯೂನಿಕೋಡ್‌ನ ಗ್ರಾಫೀಮ್ ಕ್ಲಸ್ಟರ್ ನಿಯಮ ಇಂಥ ಕಡೆ ನೆರವಾಗಬೇಕಾದದ್ದು. 2023ರ 15.1 ಆವೃತ್ತಿಯಲ್ಲಿ, ವಿರಾಮದಿಂದ ಬೆಸೆದ ವ್ಯಂಜನಗಳನ್ನು ಒಡೆಯಬಾರದೆಂಬ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳ ಲಿಪಿಗಳಿಗೆ ಅದು ಅನ್ವಯಿಸಿತು, ಕನ್ನಡಕ್ಕೆ ಅನ್ವಯಿಸಲಿಲ್ಲ. ಹೀಗಾಗಿ 'ಕನ್ನಡ' ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೆ ಆ ಆವೃತ್ತಿಯ ಪ್ರಕಾರ ಮೂರು ಘಟಕಗಳು, ಕನ್ನಡ ಲಿಪಿಯಲ್ಲಿ ಬರೆದರೆ ನಾಲ್ಕು. ಎರಡೂ ಲಿಪಿಗಳ ಸಂಯೋಗಕ್ರಮ ಎಷ್ಟು ಸಮೀಪವೆಂಬುದನ್ನು ಬಲ್ಲವರಿಗೆ ಈ ಭೇದ ವಿಚಿತ್ರವಾಗಿ ಕಾಣದಿರದು.

4. ಎಣಿಕೆ

ಉಪಶೀರ್ಷಿಕೆ ಪರದೆಯ ಮೇಲೆ ಎಷ್ಟು ಕಾಲ ನಿಲ್ಲಬೇಕೆಂಬುದನ್ನು ಸೆಕೆಂಡಿಗೆ ಇಷ್ಟು ಚಿಹ್ನೆಗಳೆಂದು ಅಳೆಯುವುದು ರೂಢಿ. ಸಾಲಿಗೆ ಸುಮಾರು 37 ಚಿಹ್ನೆಗಳಂತೆ ಎರಡು ಸಾಲಿಗೆ ಆರು ಸೆಕೆಂಡು ಎಂಬ ಹಳೆಯ ಸೂತ್ರ ಸೆಕೆಂಡಿಗೆ ಸುಮಾರು 12 ಚಿಹ್ನೆಗಳ ವೇಗಕ್ಕೆ ಸಮ. ಈ ಸೂತ್ರ ರೂಪುಗೊಂಡದ್ದು ರೋಮನ್ ಲಿಪಿಯ ಸಂದರ್ಭದಲ್ಲಿ. ಅಲ್ಲಿ ಕೋಡ್‌ಪಾಯಿಂಟಿಗೂ ಕಾಣುವ ಅಕ್ಷರಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಕನ್ನಡದ ಎರಡು ವಾಕ್ಯಗಳನ್ನು ಹೋಲಿಸೋಣ:

(ಅ) ಅವನು ರಾಷ್ಟ್ರಕ್ಕೆ ದ್ರೋಹ ಮಾಡಲಿಲ್ಲ
(ಆ) ಮಗಳು ಈಗ ಮನೆಗೆ ಬರಬೇಕು

ಎರಡರಲ್ಲಿಯೂ ಹನ್ನೆರಡು ಅಕ್ಷರಗಳು, ಮೂರು ತೆರಪುಗಳು. ಆದರೆ ತೆರಪುಗಳೂ ಸೇರಿ (ಅ) ವಾಕ್ಯದಲ್ಲಿ 31 ಕೋಡ್‌ಪಾಯಿಂಟುಗಳು, (ಆ) ವಾಕ್ಯದಲ್ಲಿ 20. ಮೇಲಿನ ವೇಗದಂತೆ ಮೊದಲನೆಯದಕ್ಕೆ ಸುಮಾರು 2.6 ಸೆಕೆಂಡು, ಎರಡನೆಯದಕ್ಕೆ 1.7 ಸೆಕೆಂಡು ಬೇಕೆಂದು ತಂತ್ರಾಂಶ ನಿರ್ಧರಿಸುತ್ತದೆ. ಮೊದಲನೆಯದನ್ನು ಅತಿ ಉದ್ದವೆಂದು ಅದು ಕೆಂಪಕ್ಷರದಲ್ಲಿ ಗುರುತಿಸಿದರೆ ಅನುವಾದಕರು ಅದನ್ನು ಮೊಟಕುಗೊಳಿಸುತ್ತಾರೆ. ಒತ್ತಕ್ಷರಗಳಿರುವ ಪದವೇ ಮೊದಲು ಬಲಿಯಾಗುವುದು ಸಹಜ. ಇನ್ನೊಂದು ವಿಚಿತ್ರವಿದೆ. ದ್ರೋ, ಬೇ ಇವುಗಳ ಸ್ವರಚಿಹ್ನೆಗಳನ್ನು ಯೂನಿಕೋಡ್ ವಿಘಟಿತ ರೂಪದಲ್ಲಿಯೂ ಬರೆಯಲು ಅವಕಾಶ ಕೊಡುತ್ತದೆ. ಹಾಗೆ ಬರೆದರೆ ಕಣ್ಣಿಗೆ ಏನೂ ಬದಲಾಗದು. ಎಣಿಕೆ ಮಾತ್ರ 33 ಮತ್ತು 21 ಆಗುತ್ತದೆ.

ಹಾಗಾದರೆ ಅಕ್ಷರವನ್ನು ಎಣಿಸಿದರೆ ಸಾಕೆ? ಸಾಲದೆಂದೇ ನಮಗೆ ತೋರುತ್ತದೆ. ಪದದ ಗಡಿಯಾಚೆಗಿನ ಒತ್ತಕ್ಷರವನ್ನು ಪರಿಗಣಿಸದೆ ನಮ್ಮ ಛಂದಸ್ಸಿನ ಕ್ರಮದಲ್ಲಿ ಮಾತ್ರೆಗಳನ್ನು ಲೆಕ್ಕಿಸಿದರೆ (ಅ) 17, (ಆ) 14. ಅಂದರೆ ಮಾತ್ರೆಯ ಲೆಕ್ಕದಲ್ಲಿಯೂ ಮೊದಲನೆಯದು ದೀರ್ಘವೇ, ಆದರೆ ಕೋಡ್‌ಪಾಯಿಂಟ್ ಸೂಚಿಸುವಷ್ಟಲ್ಲ. ತೆರಪು ಬಿಟ್ಟರೆ 15.1 ಆವೃತ್ತಿಯ ಗ್ರಾಫೀಮ್ ಕ್ಲಸ್ಟರ್‌ಗಳೂ (ಅ) ವಾಕ್ಯದಲ್ಲಿ 17 ಇವೆ. ಇದು ಆಕಸ್ಮಿಕ, ಏಕೆಂದರೆ (ಆ) ವಾಕ್ಯದಲ್ಲಿ ಅವು 12 ಮಾತ್ರ. ಮಾತ್ರೆ ಅಳೆಯುವುದು ಉಚ್ಚಾರಣೆಯ ಕಾಲವನ್ನು, ಕಣ್ಣಿನ ಶ್ರಮವನ್ನಲ್ಲ. ಕನ್ನಡ ಕಲಿಯುವ ಮಕ್ಕಳ ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಸಂಯುಕ್ತಾಕ್ಷರಗಳ ಜ್ಞಾನ ಸರಳ ಅಕ್ಷರಗಳಿಗಿಂತ ತಡವಾಗಿ ನೆಲೆಗೊಳ್ಳುವುದನ್ನು ತೋರಿಸಿದೆ. ಹೊಸ ಓದುಗರಿಗೆ ಷ್ಟ್ರ ಮತ್ತು ಗ ಸಮಾನ ಭಾರದವಲ್ಲ. ಆದ್ದರಿಂದ ಅಕ್ಷರವನ್ನು ಮೂಲ ಘಟಕವಾಗಿಟ್ಟುಕೊಂಡು, ಪ್ರತಿ ಒತ್ತಿಗೆ ಒಂದು ಅಲ್ಪ ಭಾರವನ್ನು ಸೇರಿಸುವ ಅಳತೆಯನ್ನು ನಾವು ಸೂಚಿಸುತ್ತೇವೆ. ಆ ಭಾರ ಎಷ್ಟೆಂಬುದನ್ನು ಕಣ್ಚಲನೆಯ ಪ್ರಯೋಗದಿಂದ ನಿರ್ಧರಿಸಬೇಕು, ಊಹೆಯಿಂದಲ್ಲ. ಮಕ್ಕಳ ಕಾರ್ಯಕ್ರಮಗಳಿಗೆ ಅದು ಬೇರೆಯೇ ಆಗಬಹುದು.

5. ವ್ಯಂಜನಾಂತ್ಯ ಮತ್ತು ತುಳು

ಮೇಲಿನ ಅಳತೆಗೆ ಅಕ್ಷರದ ಲಕ್ಷಣವನ್ನು ಯಾಂತ್ರಿಕವಾಗಿ ಹೇಳಬೇಕಾಗುತ್ತದೆ: ವಿರಾಮಗಳಿಂದ ಬೆಸೆದ ಒಂದು ಅಥವಾ ಹೆಚ್ಚು ವ್ಯಂಜನಗಳು, ಇದ್ದರೆ ಸ್ವರಚಿಹ್ನೆ, ಇದ್ದರೆ ಅನುಸ್ವಾರ ಅಥವಾ ವಿಸರ್ಗ, ಇಲ್ಲವೇ ಸ್ವತಂತ್ರ ಸ್ವರ. ಉಳಿಯುವುದು ಸ್ವರವಿಲ್ಲದೆ ಮುಗಿಯುವ ರೂಪಗಳು. 'ಸಾಫ್ಟ್‌ವೇರ್' ಎಂಬಲ್ಲಿ ಸಾ, ಫ್ಟ್, ವೇ, ರ್ ಎಂಬ ನಾಲ್ಕು ಘಟಕಗಳಿವೆ, ಉಚ್ಚಾರಾಂಶಗಳು ಎರಡು. ಒಡೆತದ ಉದ್ದೇಶಕ್ಕೆ ಇವನ್ನು ನಾಲ್ಕೆಂದೂ, ಕಾಲದ ಎಣಿಕೆಗೆ ಎರಡೆಂದೂ ಪರಿಗಣಿಸುವುದು ಯುಕ್ತ. ಇಲ್ಲಿ ಫ್ಟ್ ಮತ್ತು ವೇ ಬೇರೆಯಾಗಿ ನಿಂತಿರುವುದು ಅವುಗಳ ನಡುವಿನ ಶೂನ್ಯ ಅಗಲದ ಅಸಂಯೋಜಕವೆಂಬ ಅದೃಶ್ಯ ಸಂಕೇತದಿಂದ. ಅದನ್ನು ತೆಗೆದರೆ ವಕಾರ ಒತ್ತಾಗಿ 'ಸಾಫ್ಟ್ವೇರ್' ಉಳಿಯುತ್ತದೆ. ಕನ್ನಡ ಓದುಗರು ಇದನ್ನು ಸಹಿಸಿಕೊಳ್ಳುತ್ತಾರೆ.

ತುಳುವಿನಲ್ಲಿ ಸಹಿಸಿಕೊಳ್ಳುವುದು ಸಾಧ್ಯವಿಲ್ಲ. ಕನ್ನಡ ಲಿಪಿಯಲ್ಲಿ ತುಳುವನ್ನು ಬರೆಯುವಾಗ ಪದಾಂತ್ಯದ ಅಗೋಲ ಉಚ್ಚ ಸ್ವರವನ್ನು ವಿರಾಮಚಿಹ್ನೆಯಿಂದಲೇ ಸೂಚಿಸುವುದು ರೂಢಿ. ಮನೆ ಎಂಬರ್ಥದ 'ಇಲ್ಲ್' ಎರಡು ಉಚ್ಚಾರಾಂಶಗಳ ಪದ. 2016ರಿಂದ ನಡೆಯುತ್ತಿರುವ ತುಳು ವಿಕಿಪೀಡಿಯದಲ್ಲಿಯೂ ಈ ಕ್ರಮವೇ ಕಾಣುತ್ತದೆ. 'ಬಂದು' ಎಂಬರ್ಥದ 'ಬತ್ತ್‌ದ್' ಪದದಲ್ಲಿ ಈ ಸ್ವರ ಪದಮಧ್ಯದಲ್ಲಿಯೂ ಇದೆ, ಅದನ್ನು ಕಾಪಾಡಿರುವುದು ಅದೃಶ್ಯ ಅಸಂಯೋಜಕ. ಅದನ್ನು ಕಿತ್ತೊಡನೆ 'ಬತ್ತ್ದ್' ಆಗಿ, ಒಂದು ಸ್ವರವೇ ಬರೆಹದಿಂದ ಅಳಿಯುತ್ತದೆ. ಅದೃಶ್ಯ ಸಂಕೇತಗಳನ್ನು ಕಸವೆಂದು ಗುಡಿಸಿಹಾಕುವ ಪರಿವರ್ತಕಗಳನ್ನು ನಾವೇ ಬಳಸಿ ಪೆಟ್ಟು ತಿಂದಿದ್ದೇವೆ. ಇದರ ವಿಲೋಮ ಪೀಠಿಕೆಯಲ್ಲಿ ಹೇಳಿದ ಪ್ರಸಂಗ: ಜೋಡಣೆ ತಪ್ಪಿ ವಿರಾಮ ಬಿಡಿಯಾಗಿ ಕಂಡಾಗ ತುಳು ಓದುಗರು ಇಲ್ಲದ ಸ್ವರವನ್ನು ಓದುವುದು ತಪ್ಪಲ್ಲ, ತಮ್ಮ ಬರೆಹದ ನಿಯಮಕ್ಕೆ ಅನುಗುಣವಾದ ಓದು.

ಎಣಿಕೆಯ ನಿಯಮವೂ ಇಲ್ಲಿ ತಿರುಗುಮುರುಗಾಗುತ್ತದೆ. ವ್ಯಂಜನಾಂತ್ಯವನ್ನು ಲೆಕ್ಕಿಸದ ಕನ್ನಡದ ನಿಯಮದಂತೆ 'ಬತ್ತ್‌ದ್' ಒಂದೇ ಉಚ್ಚಾರಾಂಶ. ತುಳುವಿನಲ್ಲಿ ಅದು ಮೂರು. ಆದ್ದರಿಂದ ಪ್ಲೇಯರ್ ಮತ್ತು ಸಂಪಾದನಾ ಸಾಧನ ತಿಳಿಯಬೇಕಾದದ್ದು ಲಿಪಿಯನ್ನಲ್ಲ, ಭಾಷೆಯನ್ನು. ಎಸ್‌ಆರ್‌ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಟಿಟಿಎಂಎಲ್ ಮತ್ತು ವೆಬ್‌ವಿಟಿಟಿ ರಚನೆಗಳಲ್ಲಿ ಪಠ್ಯದ ಭಾಷೆಯನ್ನು ನಮೂದಿಸಬಹುದು. ಎಂಕೆವಿ ಕಡತದಲ್ಲಿ ಪ್ರತಿ ಉಪಶೀರ್ಷಿಕೆ ಪಟ್ಟಿಗೂ ಭಾಷಾಸಂಕೇತ ಕೊಡಬಹುದಾದರೂ, ಅದರ ಹಳೆಯ ಕ್ರಮ ಆಧರಿಸಿದ್ದ ಐಎಸ್‌ಒ 639ರ ಎರಡನೆಯ ಭಾಗದಲ್ಲಿ ತುಳುವಿಗೆ ಸ್ವಂತ ಸಂಕೇತವಿಲ್ಲ; ಮೂರನೆಯ ಭಾಗದಲ್ಲಿ 'ಟಿಸಿವೈ' ಇದೆ, ಹೊಸ ಕ್ರಮದಲ್ಲಿ ಅದನ್ನು ಬಳಸಬಹುದು. ನಮ್ಮ ಸಂಗ್ರಹದ ತುಳು ಕಡತಗಳನ್ನು ಈಗ ವೆಬ್‌ವಿಟಿಟಿಗೆ ಪರಿವರ್ತಿಸಿ, ಪ್ರತಿ ಅಸಂಯೋಜಕವನ್ನು ಮೂಲದೊಂದಿಗೆ ತಾಳೆ ನೋಡುತ್ತಿದ್ದೇವೆ. ಆ ಹಿರಿಯರ ಮನೆಗೆ ಮುಂದಿನ ಬಾರಿ ಹೋಗುವಾಗ ಮಾತ್ರ, ಉಪಶೀರ್ಷಿಕೆಯನ್ನು ಚಿತ್ರದಲ್ಲಿಯೇ ಅಚ್ಚಾಗಿಸಿ ಒಯ್ಯುವುದೆಂದು ನಿಶ್ಚಯಿಸಿದ್ದೇವೆ.